ಎಣ್ಣೆ ಎಷ್ಟು ಬೆಚ್ಚಗಿರಬೇಕು

ಔಡಲೆಣ್ಣೆ ಕಾಯಿಸುವ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ. ಮನೆಯಲ್ಲಿ ಎಲ್ಲರಿಗೂ ಗೊತ್ತು. "ಆಕಿಗೆ ಆ ವಾಸನಿ ಆಗಿಬರೂದಿಲ್ಲ" ಅಂತ ನೆಂಟರಿಗೆ ಹೇಳುತ್ತಾರೆ. ಆಗಿಬರದೆ ಏನು, ವಾಸನೆಗೆ ನನ್ನ ಮೇಲೇನು ಹಗೆಯೇ? ಆ ವಾಸನೆಯ ಹಿಂದೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಬಂದು ಬೆಂಚಿನ ಮೇಲೆ ಕೂಡುತ್ತಾಳೆ. ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿಕೊಂಡು ನನ್ನ ಕೆಲಸ ಮುಗಿಯುವುದನ್ನೇ ಕಾಯುತ್ತಾಳೆ. ನನ್ನ ಕೆಲಸ ಮುಗಿಯುವುದೇ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಆಳಂದದವಳು. ಟೈಪಿಂಗ್ ಪಾಸಾಗಿ, ಕಲಬುರ್ಗಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಅಫಜಲಪುರದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಬಜಾರಿನ ಕಿರಾಣಿ ಅಂಗಡಿಯ ಮೇಲೊಂದು ಕೋಣೆ. ಹತ್ತಲಿಕ್ಕೆ ಹದಿನೆಂಟು ಕಡಿದಾದ ಪಾವಟಿಗೆ. ಕೋಣೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೆ ಹೊದಿಸಲು ನಾನೇ ಕಸೂತಿ ಹಾಕಿದ ಬಟ್ಟೆ, ಒಂದು ಫೋನು, ಬಂದವರು ಕೂಡಲೆಂದು ಬಾಗಿಲ ಪಕ್ಕ ಕಟ್ಟಿಗೆಯ ಬೆಂಚು. ಬಜಾರಿನಲ್ಲಿ ಇಂಟರ್ನೆಟ್ ಇದ್ದದ್ದು ನಮ್ಮ ಕೋಣೆಯಲ್ಲಿ ಮಾತ್ರ. ಅದರಿಂದ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ನಮ್ಮ ಸಂಸ್ಥೆ ನಡೆಸುತ್ತಿದ್ದವರನ್ನು ನಾವು ಸರ್ ಅಂತಿದ್ದೆವು. ಭಾಳ ಒಳ್ಳೆಯ ಮನುಷ್ಯ, ಮಾತು ಶುರು ಮಾಡಿದರೆ ಚಹಾ ಆರಿ ಹೋಗುತ್ತಿತ್ತು. "ಒಕ್ಕಲುತನ ಗೊತ್ತಿದ್ದಾಂವಗ ದವಾಖಾನಿ ಗೊತ್ತಿಲ್ಲ. ದವಾಖಾನ್ಯಾಗ ಇದ್ದಾಂವಗ ದನ ಗೊತ್ತಿಲ್ಲ. ಗಡಿ ಆಚೆ ಅಕ್ಕಲಕೋಟದಾಗ ತಿಳಿದದ್ದು ಗಡಿ ಈಚೆ ತಿಳೀವಲ್ದು. ಎಲ್ಲಾರೂ ತಮಗ ಗೊತ್ತಿದ್ದದ್ದನ್ನ ಒಂದ ಕಡಿ ತಂದ ಇಡಬೇಕು, ಬೇಕಾದಾಂವ ಬಂದು ತಗೊಂಡ ಹೋಗಬೇಕು" ಅನ್ನುತ್ತಿದ್ದರು. ಆ ಒಂದು ಕಡೆಗೆ ಪೋರ್ಟಲ್ ಅಂತ ಹೆಸರು. ಬೇರೆ ಬೇರೆ ದೇಶದ ಸಂಸ್ಥೆಗಳು ಸೇರಿ ಮಾಡಿದ ಜಾಲತಾಣ ಅದು. ಯಾರು ಬೇಕಾದರೂ ಪುಟ ಹಾಕಬಹುದು, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು.

ಜೀಪಿನಲ್ಲಿ ಹಳ್ಳಿಗಳಿಗೆ ಹೋಗಿ ಕೇಳಿ ಬರೆದುಕೊಂಡು ಬರುವುದು, ಇಂಗ್ಲಿಷಿಗೆ ತಿರುಗಿಸಿ ಪುಟ ಮಾಡುವುದು ನನ್ನ ಕೆಲಸ. ಜೇವರ್ಗಿ ಕಡೆಯ ಒಬ್ಬ ರೈತರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ಹಾಳಾಗದಂತೆ ಇಡುವ ಬಗೆ ಹೇಳಿದರು. ಮಾದನಹಿಪ್ಪರಗಾದವರೊಬ್ಬರು ತೊಗರಿ ಗಿಡವನ್ನು ಅಲುಗಾಡಿಸಿ ಕೀಡೆಗಳನ್ನು ಚೀಲದ ಮೇಲೆ ಕೆಡವಿ ತೋರಿಸಿದರು. ಅದನ್ನು ಬರೆದು ಹಾಕಿ ತಿಂಗಳಾಗಿರಲಿಲ್ಲ, ಗಡಿ ಆಚೆಯಿಂದ ಯಾರೋ "ನಾವೂ ಅಲುಗಾಡಿಸಿದೆವು, ಬಿದ್ದವು" ಅಂತ ಬರೆದರು. ಓದಿ ನಾನು ಕುರ್ಚಿಯಿಂದ ಎದ್ದು ಕುಣಿದೆ. ಕೆಳಗಿನ ಕಿರಾಣಿ ಅಂಗಡಿಯ ಮಾಲಕರು "ಏನ್ರಿ ಬಾಯಾರ, ಮಾಳಗಿ ಬೀಳಸ್ತೀರೇನು?" ಅಂತ ಕೂಗಿದ್ದರು. ಖರೆ ಹೇಳುತ್ತೇನೆ, ಅದು ಒಳ್ಳೆಯ ಕೆಲಸವೇ ಆಗಿತ್ತು.

ಹೊಳೆದಂಡೆಯ ಮಣ್ಣೂರಿನಲ್ಲಿ ಒಬ್ಬ ಮುದುಕಿ ಇದ್ದಾಳೆ, ಹೊಟ್ಟೆಯಲ್ಲಿ ಅಡ್ಡ ಬಿದ್ದ ಕೂಸನ್ನು ಹೊರಗಿನಿಂದಲೇ ಎಣ್ಣೆ ಹಚ್ಚಿ ಹೊಳ್ಳಿಸಿ ತಲೆ ಕೆಳಗೆ ತರುತ್ತಾಳೆ ಅಂತ ಸರ್‌ಗೆ ಯಾರೋ ಹೇಳಿದರು. ಮುಸಲ್ಮಾನರ ಮನೆಯಾಕೆ, ಆದರೆ ಊರಿಗೆಲ್ಲ ಆಯಿ. ಲಿಂಗ ಕಟ್ಟಿದವರ ಸೊಸೆಯಂದಿರೂ ಏಳು ತಿಂಗಳಾಯಿತೆಂದರೆ ಅವಳ ಮನೆಯ ಹೊಸ್ತಿಲಿಗೆ ಬರುತ್ತಿದ್ದರು. ನಾನು ಹೋದಾಗ ಆಯಿ ಹೊರಸಿನ ಮೇಲೆ ಕೂತು ಮೊಮ್ಮಗಳಿಗೆ ಹೇನು ನೋಡುತ್ತಿದ್ದಳು. ಮೊಮ್ಮಗಳಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡ ಅದೇ ಊರಿನವನು, ಪಕ್ಕದ ಓಣಿ.

ಆಯಿ ಮೊದಲು ನನ್ನ ಮೋರೆ ನೋಡಿದಳು. ಆಮೇಲೆ ಕೈ ಹಿಡಿದು ತಿರುವಿ ತಿರುವಿ ನೋಡಿದಳು. "ಹೊಲದಾಗ ದುಡದ ಕೈ ಅಲ್ಲ. ಮೆತ್ತಗ ಅದ. ಛಲೋ ಆತು" ಅಂದಳು. ನಾನು ನಕ್ಕೆ. ಟೈಪ್ ಹೊಡೆದ ಕೈ ಆಯಿ, ಅಂದೆ.

ಕೇಳಿದ್ದಕ್ಕೆಲ್ಲ ಹೇಳಿದಳು. ಯಾವ ತಿಂಗಳಲ್ಲಿ ಮಾಡಬೇಕು, ಹೆರಿಗೆಯ ಬ್ಯಾನೆ ಶುರುವಾದ ಮೇಲೆ ಎಷ್ಟು ಕಷ್ಟ, ತಲೆ ಯಾವುದು ಕುಂಡಿ ಯಾವುದು ಅಂತ ಕೈಗೆ ಹೇಗೆ ತಿಳಿಯುತ್ತದೆ, ಯಾವಾಗ ಬಿಟ್ಟು ಸುಮ್ಮನಾಗಬೇಕು. ಈ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ಅವಳ ಒಬ್ಬಳೇ ಮಗಳು ಸತ್ತದ್ದೂ ಕೂಸು ಅಡ್ಡ ಬಿದ್ದೇ. ಎರಡನೆಯ ಹೆರಿಗೆ. ಆ ದಿನ ಆಯಿ ಕರಜಗಿಯಲ್ಲಿ ಬೇರೆ ಯಾರದೋ ಕೂಸು ಹೊಳ್ಳಿಸುತ್ತ ಕೂತಿದ್ದಳು. "ನಮ್ಮ ಮನಿ ಹೆಣ್ಮಕ್ಕಳಿಗೆ ಹಿಂಗ ಆಗ್ತದ ಬೇಟಾ. ಈಕಿಗೂ ಆಗ್ತದಂತ ನನಗ ಅಂಜಿಕಿ" ಅಂತ ಮೊಮ್ಮಗಳ ತಲೆ ಸವರಿದಳು. "ನಾ ಇವತ್ತ ಇದ್ದು ನಾಳಿ ಇಲ್ಲದಾಕಿ. ಈಕಿಗೊಂದು ಕೈ ಬೇಕು."

ನಾನು ಅದನ್ನೂ ಬರೆದುಕೊಂಡೆ.

ಆಮೇಲೆ ಎಣ್ಣೆ ಎಷ್ಟು ಬಿಸಿ ಇರಬೇಕು ಅಂತ ಕೇಳಿದೆ. ಆಯಿ ಒಳಗೆ ಹೋಗಿ ಸಣ್ಣ ಸೌಟಿನಲ್ಲಿ ಔಡಲೆಣ್ಣೆ ಕಾಯಿಸಿ ತಂದಳು. ನನ್ನ ಬಲಗೈ ಹಿಡಿದು, ಬಿಸ್ಮಿಲ್ಲಾ ಅಂದು ಅಂಗೈಗೆ ಎಣ್ಣೆ ಹಾಕಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಹಿಡದಿ?"

"ಹಿಡದೇನಿ ಆಯಿ."

"ಈಕಿ ಬಸುರಾದ್ರ ನೀ ಬರಬೇಕು ಮತ್ತ."

ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. "ಬರ್ತೇನಿ ಬಿಡು ಆಯಿ, ಬರಲಾರದೆ ಏನು" ಅಂದೆ. ನಾನು ಎದ್ದು ಹೊರಟಾಗ ಆಯಿ ಬಚ್ಚಲಲ್ಲಿ ನಿಂತು ತನ್ನ ಎರಡೂ ಕೈಯನ್ನು ಮೊಣಕೈ ತನಕ ತೊಳೆದುಕೊಳ್ಳುತ್ತಿದ್ದಳು. ಎಣ್ಣೆ ಕೈ, ತೊಳೆದುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಜೀಪು ಹತ್ತುವಾಗ ನಾನೂ ಅಂಗೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡೆ.

ಎಂಥ ದಡ್ಡಿ ನಾನು! ಆ ಮನೆಯಲ್ಲಿ ವಿದ್ಯೆ ಕೊಡುವುದೇ ಹಾಗಂತೆ. ಎಣ್ಣೆಯನ್ನು ಅಂಗೈಗೆ ಹಾಕಿ ಮುಷ್ಟಿ ಮುಚ್ಚಿದರೆ ಕೈಗುಣ ಆ ಕೈಗೆ ಹೋಯಿತು ಅಂತ ಅರ್ಥ. ಕೊಟ್ಟವಳು ಕೈ ತೊಳೆದುಕೊಂಡ ಮೇಲೆ ಮತ್ತೆ ಬಸುರಿಯ ಹೊಟ್ಟೆ ಮುಟ್ಟುವ ಹಾಗಿಲ್ಲ. ಆಯಿಯ ಅತ್ತೆಯೂ ಹಾಗೇ ಕೊಟ್ಟು ಕೈಬಿಟ್ಟಿದ್ದಳಂತೆ. ನಾನು ಲೋಕಕ್ಕೆಲ್ಲ ತಿಳಿಸಲು ಒಂದು ಮಾಹಿತಿ ತಂದೆ ಅಂದುಕೊಂಡಿದ್ದೆ. ಆಯಿ ತನ್ನ ಮೊಮ್ಮಗಳಿಗಾಗಿ, ಊರ ಹೆಣ್ಣುಮಕ್ಕಳಿಗಾಗಿ, ನನ್ನನ್ನು ತನ್ನ ಜಾಗದಲ್ಲಿ ನಿಲ್ಲಿಸಿದ್ದಳು. ಇದು ನನಗೆ ಗೊತ್ತಾದದ್ದು ಗೊತ್ತಾಗಬಾರದ ದಿನ.

ಪುಟ ಚೆಂದ ಬಂತು. ಬೇರೆ ಯಾವ ಪುಟಕ್ಕೂ ಬರದಷ್ಟು ಪ್ರಶ್ನೆ ಅದಕ್ಕೆ ಬಂದವು. ನೇಪಾಳದ ಬೆಟ್ಟದ ಮೇಲಿನ ಯಾವುದೋ ಹಳ್ಳಿಯಲ್ಲಿ ಒಬ್ಬ ನರ್ಸ್ ಇದ್ದಳು. ದವಾಖಾನೆಗೆ ಹೋಗಲು ಎರಡು ದಿನ ನಡೆಯಬೇಕಾದ ಊರಂತೆ. ಆಕೆ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ತಲೆಯನ್ನು ಗುರುತಿಸುವುದು ಹೇಗೆ, ಒತ್ತುವಾಗ ಮಗು ಒದ್ದರೆ ಏನು ಮಾಡಬೇಕು. ಬರೆದುಕೊಂಡ ಕಾಗದ ನೋಡಿ ನಾನು ಉತ್ತರ ಕೊಡುತ್ತಿದ್ದೆ. ಭಾರಿ ತಿಳಿದವಳ ಹಾಗೆ.

ಆಗ ಲೈನ್ ಸಿಗುವುದೆಂದರೆ ಪುಣ್ಯ ಬೇಕು. ಕಲಬುರ್ಗಿಯ ನಂಬರಿಗೆ ಹತ್ತು ಸಲ, ಹದಿನೈದು ಸಲ ಹಚ್ಚಬೇಕು. ಮೋಡೆಮ್ ಕಿರುಗುಟ್ಟಿ ಒಮ್ಮೆ ಸೇರಿತೆಂದರೆ ನಾನು ಯಾರು ಬಂದರೂ ಏಳುತ್ತಿರಲಿಲ್ಲ. ಬರುತ್ತಿದ್ದವರು ತಾನೇ ಯಾರು? ಕಂಪ್ಯೂಟರ್ ಅಂದರೆ ಸರಕಾರದ್ದು ಅಂದುಕೊಂಡು ವಿಧವಾ ವೇತನದ ಅರ್ಜಿ ಹಿಡಿದು ಬರುವವರು, ಪಹಣಿ ಕೇಳುವವರು. ದಿನಕ್ಕೆ ನಾಲ್ಕು ಮಂದಿಗಾದರೂ "ಇದು ಆ ಆಫೀಸ್ ಅಲ್ರೀ" ಅಂತ ಬಾಯಿ ನೋಯಿಸಿಕೊಳ್ಳುತ್ತಿದ್ದೆ.

ಅವತ್ತು ಮುಂಜಾನೆ ಹತ್ತು ಗಂಟೆ ಇರಬೇಕು. ಲೈನ್ ಆಗತಾನೆ ಸೇರಿತ್ತು. ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಒಬ್ಬಾಕೆ ವಯಸ್ಸಾದವಳು, ಇನ್ನೊಬ್ಬಳು ತಲೆತುಂಬ ಸೆರಗು ಹೊದ್ದು, ಮೇಲೆ ಚಾದರ ಸುತ್ತಿಕೊಂಡವಳು. ದೊಡ್ಡಾಕೆ "ನಮಸ್ಕಾರ್ರೀ ಬಾಯಾರ, ಆಯಿ ಕಳಿಸ್ಯಾಳ್ರಿ" ಅಂದಳು.

"ಕೂಡ್ರಿ, ಲೈನ್ ಸಿಕ್ಕದ" ಅಂದೆ, ಇವರೂ ಅರ್ಜಿಯವರೇ ಅಂದುಕೊಂಡು, ಪೂರ್ತಿ ತಿರುಗಿ ನೋಡದೆ.

ಕೂತರು. ಏನೂ ಕೇಳಲಿಲ್ಲ. ಒಮ್ಮೆ ಮಾತ್ರ ದೊಡ್ಡಾಕೆ "ಭಾಳ ಹೊತ್ತ ಆಗ್ತದೇನ್ರಿ?" ಅಂದಳು. ನನಗೆ ಸಿಟ್ಟು ಬಂತು. "ಹೇಳಿದೆನಲ್ಲವ್ವಾ, ಕೂಡ್ರಿ ಅಂತ. ಮಾಡಾಕತ್ತೇನಿ" ಅಂದೆ. ಆಕೆ ತಗ್ಗಿದ ದನಿಯಲ್ಲಿ ಹತ್ತಿರದವಳಿಗೆ "ತಯಾರಿ ಮಾಡಾಕತ್ತಾರ, ತಡಕೋ" ಅಂದದ್ದು ನನ್ನ ಕಿವಿಗೆ ಬಿತ್ತು. ಬಿದ್ದರೂ ಒಳಗೆ ಇಳಿಯಲಿಲ್ಲ.

ಪರದೆಯ ಮೇಲೆ ನೇಪಾಳದ ನರ್ಸಿನ ಹೊಸ ಪ್ರಶ್ನೆ ಇತ್ತು. ಎಣ್ಣೆ ಎಷ್ಟು ಬೆಚ್ಚಗಿರಬೇಕು? ನಾನು ಉತ್ಸಾಹದಿಂದ ಬರೆಯತೊಡಗಿದೆ. ಅಂಗೈಗೆ ಹಾಕಿಕೊಂಡರೆ ಸುಡಬಾರದು, ತಣ್ಣಗೂ ಅನಿಸಬಾರದು. ಎಣ್ಣೆ ಹಚ್ಚಿದ ಮೇಲೆ ತಾಯಿಯ ಮುಖ ನೋಡುತ್ತಿರಬೇಕು. ಅವಳು ಹುಬ್ಬು ಗಂಟಿಕ್ಕಿದರೆ ಕೈ ನಿಲ್ಲಿಸಬೇಕು. ತಾಯಿಯ ಮುಖದಿಂದ ಕಣ್ಣು ತೆಗೆಯಬಾರದು. ಇಷ್ಟನ್ನು ಎರಡು ಸಲ ತಿದ್ದಿ ಬರೆದೆ. ಆಮೇಲೆ ಬೇರೆ ಪ್ರಶ್ನೆ ನೋಡಿದೆ. ಲೈನ್ ತಾನಾಗಿ ಕಡಿದು ಹೋದಾಗ ತಾಸಿನ ಮೇಲಾಗಿತ್ತು.

"ಹೂಂ, ಹೇಳ್ರಿ, ಏನ್ ಅರ್ಜಿ?" ಅಂತ ತಿರುಗಿದೆ.

ಬೆಂಚಿನ ಕೆಳಗೆ ಫರಸಿ ನೆಲ ಒದ್ದೆಯಾಗಿತ್ತು. ಚಾದರ ಜಾರಿತ್ತು. ಆಯಿಯ ಮೊಮ್ಮಗಳಲ್ಲ, ಬೇರೆ ಯಾರೋ ಹುಡುಗಿ, ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ, ಹೊಟ್ಟೆ ಅಡ್ಡಡ್ಡಕ್ಕೆ ಅಗಲವಾಗಿತ್ತು. ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಪರರ ಮುಂದೆ ನರಳಬಾರದು ಅಂತ ನಮ್ಮ ಕಡೆ ಸೊಸೆಯಂದಿರಿಗೆ ಕಲಿಸಿರುತ್ತಾರಲ್ಲ, ಹಾಗೆ ಒಂದು ತಾಸು ಕೂತಿದ್ದಳು. ಅದೂ ಹದಿನೆಂಟು ಪಾವಟಿಗೆ ಹತ್ತಿ ಬಂದು.

ದೊಡ್ಡಾಕೆ ಅವಳ ಅತ್ತೆ, ಕೈ ಮುಗಿದಳು. "ಈಗ ಹೊಳ್ಳಸ್ತೀರೇನ್ರಿ? ಬೆಳಗಾಗೂದ್ರಾಗ ಬ್ಯಾನಿ ಶುರು ಆದ್ವು. ಆಯಿ ಮುಟ್ಟಲಿಲ್ಲ. ಕೈ ಈಗ ನಿಮ್ಮ ಬಲ್ಲಿ ಅದ ಅಂತ ಹೇಳಿ ಕಳಿಸ್ಯಾಳ್ರಿ."

"ನನಗೇನೂ ಬರೂದಿಲ್ಲವ್ವಾ, ನಾ ಬರೀ ಬರಕೊಂಡಾಕಿ, ಬರೀ ಬರಕೊಂಡಾಕಿ" ಅಂತ ಹುಚ್ಚಿಯ ಹಾಗೆ ಕೂಗಿದೆ. ಹುಡುಗಿ ಮೊದಲ ಸಲ ನನ್ನ ಮೋರೆ ನೋಡಿದಳು. ಅವಳಿಗೆ ಅರ್ಥವಾಯಿತು. ಅತ್ತೆಗಿಂತ ಮೊದಲು ಅವಳಿಗೇ ಅರ್ಥವಾಯಿತು.

ಕೆಳಗೆ ಟೆಂಪೋದಲ್ಲಿ ಕೂತಿದ್ದ ಅವಳ ಗಂಡನನ್ನು ಕರೆದು, ಎಲ್ಲರೂ ಸೇರಿ ಎತ್ತಿ ಇಳಿಸಿದೆವು. ದವಾಖಾನೆಯಲ್ಲಿ ನೋಡಿ, ಆಪರೇಶನ್ ಆಗಲೇಬೇಕು, ತಕ್ಷಣ ಕಲಬುರ್ಗಿಗೆ ಒಯ್ಯಿರಿ ಅಂದರು. ಇನ್ನೂ ಒಂದು ತಾಸು ಮೊದಲು ತಂದಿದ್ದರೆ, ಅಂತಲೂ ಅಂದರು. ಅದನ್ನು ಹೇಳಿದ್ದು ಅತ್ತೆಗೆ, ಆದರೆ ಹಿಂದೆ ನಿಂತವಳು ನಾನು. ಕಲಬುರ್ಗಿಯ ದಾರಿಯಲ್ಲಿ, ಚೌಡಾಪುರ ದಾಟಿದ ಮೇಲೆ ಹುಡುಗಿ ಹೋದಳು. ಕೂಸೂ ಅವಳ ಸಂಗಡವೇ ಹೋಯಿತು.

ಐದನೆಯ ದಿನ ಒಂದು ಬಾಟಲಿ ಔಡಲೆಣ್ಣೆ ತೆಗೆದುಕೊಂಡು ಮಣ್ಣೂರಿಗೆ ಹೋದೆ. ನನ್ನ ತಲೆ ಸರಿ ಇರಲಿಲ್ಲ. ಆಯಿಯ ಮುಂದೆ ಕೂತು, ಕೈ ಹಿಡಿ, ನಿನ್ನದು ನೀ ಹೊಳ್ಳಿ ತಗೋ ಅಂದೆ. ಆಯಿ ಎರಡೂ ಮುಷ್ಟಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. "ಕೊಟ್ಟದ್ದು ಹೊಳ್ಳಿ ಬರೂದಿಲ್ಲ ಬೇಟಾ" ಅಂದಳು. ಅವಳ ಕಣ್ಣು ಅತ್ತು ಅತ್ತು ಬಾತಿದ್ದವು.

ನಾನು ಸಿಟ್ಟಿನಿಂದ ಚೀರಿದೆ. "ಹಿಂಗ ಅದ ಅಂತ ನೀ ಯಾಕ ಮೊದಲ ಹೇಳಲಿಲ್ಲ?"

"ನೀ ಕೇಳಾಕಂತ ಬಂದಾಕಿ. ಎಣ್ಣಿ ಕೇಳಿದಿ, ತಿಂಗಳ ಕೇಳಿದಿ, ತಲಿ ಕುಂಡಿ ಎಲ್ಲಾ ಕೇಳಿದಿ. ಕೊಟ್ಟ ಮ್ಯಾಲ ನಿನ್ನ ಕೈ ಏನಾಗ್ತದ ಆಯಿ ಅಂತ ಕೇಳಲಿಲ್ಲ." ಮತ್ತೆ, "ಜೀಪಿನ ಬಲ್ಲಿ ನೀ ಕೈ ಒರಸಿಕೊಂಡದ್ದ ನಾ ನೋಡಿದೆ. ಪ್ಯಾಟಿ ಹುಡುಗಿ, ಸೀರಿಗೆ ಕಲಿ ಆಗ್ತದ ಅಂತ ಇರಬೇಕು ಅನಕೊಂಡೆ" ಅಂದಳು.

ನಾನು ಬಾಟಲಿ ಎತ್ತಿಕೊಂಡು ಎದ್ದು ಬಂದೆ.

ಪುಟ ತೆಗೆದುಹಾಕಿ ಅಂತ ಸರ್‌ಗೆ ಹೇಳಿದೆ. ನಾವು ತೆಗೆದರೂ ಏನು ಪ್ರಯೋಜನ, ಎಷ್ಟೋ ಮಂದಿ ಇಳಿಸಿಕೊಂಡು ಹಂಚಿದ್ದಾರೆ, ಅಂದರು. ಕೆಲಸ ಬಿಡಲಿಲ್ಲ ನಾನು, ಬಿಡುವ ಧೈರ್ಯ ಇರಲಿಲ್ಲ. ಬೆಂಚನ್ನು ಮಾತ್ರ ಕಿರಾಣಿ ಅಂಗಡಿಯವರಿಗೆ ಕೊಡಿಸಿದೆ. ಕೊಟ್ಟರೇನು, ಮೋಡೆಮ್ ಕಿರುಗುಟ್ಟಿದಾಗಲೆಲ್ಲ ಬಾಗಿಲ ಪಕ್ಕ ಯಾರೋ ಮೆಲ್ಲಗೆ ಉಸಿರು ಬಿಟ್ಟ ಹಾಗಾಗಿ ತಿರುಗಿ ನೋಡುತ್ತಿದ್ದೆ. ಬರಿಯ ಫರಸಿ ಇರುತ್ತಿತ್ತು. ಅದನ್ನು ಎಷ್ಟು ಸಲ ಒರೆಸಿದ್ದೇನೋ ಲೆಕ್ಕವಿಲ್ಲ.

ಚಳಿಗಾಲದಲ್ಲಿ ನೇಪಾಳದಿಂದ ಸಂದೇಶ ಬಂತು. ಎಂಟು ತಿಂಗಳ ಬಸುರಿಯ ಅಡ್ಡ ಮಗುವನ್ನು ಪುಟದಲ್ಲಿ ಬರೆದ ಹಾಗೆಯೇ ಮೂರು ದಿನ ನಿಧಾನವಾಗಿ ಹೊಳ್ಳಿಸಿದೆ, ಹೆರಿಗೆ ಸಲೀಸಾಯಿತು, ತಾಯಿ ಮಗು ಬದುಕಿದ್ದಾರೆ, ಆ ಅಜ್ಜಿಗೆ ತಿಳಿಸಿ, ಅಂತ ಆ ನರ್ಸ್ ಬರೆದಿದ್ದಳು. ಓದಿ ನನಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಅಂತ ನಾಚಿಕೆಯೂ ಆಯಿತು. ಕಾಗದದ ಮೇಲೆ ಅಚ್ಚು ತೆಗೆದು, ಮಡಚಿ, ಮರುದಿನ ಮುಂಜಾನೆ ಮಣ್ಣೂರಿನ ಬಸ್ ಹಿಡಿದೆ.

ಆಯಿ ಕಾಗದದ ತುದಿ ಹಿಡಿದು ನಾನು ಓದಿದ್ದನ್ನು ಕೇಳಿದಳು. ಎರಡು ಸಲ ಓದಿಸಿದಳು. "ಬದುಕ್ಯಾರ? ಇಬ್ಬರೂ?" ಅಂದಳು. "ಹಂಗಾರ ನೀ ಆಕಿಗೆ ಕೊಟ್ಟಿ. ಕೈ ಈಗ ಆಕಿ ಬಲ್ಲಿ ಅದ."

"ಹೂಂ ಆಯಿ."

"ಆಕಿ ಊರು ಎಲ್ಲ್ಯದ?"

"ಭಾಳ ದೂರ ಆಯಿ. ಬೆಟ್ಟದ ಮ್ಯಾಲ."

ಆಯಿ ಒಳಗಿನ ಬಾಗಿಲ ಕಡೆ ನೋಡಿದಳು. ಮೊಮ್ಮಗಳು ಗೋಡೆ ಹಿಡಿದುಕೊಂಡು ನಿಂತಿದ್ದಳು. ಹೊಟ್ಟೆ ತುಂಬಿ ಬಂದಿತ್ತು.

"ಏಳು ತಿಂಗಳದಾಗ ಬಿದ್ದದ" ಅಂದಳು ಆಯಿ. "ಅಲ್ಲಿಂದ ಇಲ್ಲಿಗೆ ಬಸ್ ಅದಾವೇನು ಬೇಟಾ? ಬಾ ಅಂದ್ರ ಆಕಿ ಬರ್ತಾಳೇನು?"

ಅಯ್ಯೋ ದೇವರೇ. "ಇಲ್ಲ ಆಯಿ. ಬಸ್ ಇಲ್ಲ" ಅಂದೆ.

ಆಯಿ ಮೊಮ್ಮಗಳನ್ನು ಕರೆದು ಹೊರಸಿನ ಮೇಲೆ ಮಲಗಿಸಿದಳು. ನನ್ನ ಕಡೆ ನೋಡಿ, "ಆಕಿಗೆ ಕೊಟ್ಟಿ ಖರೆ, ನೀ ಇನ್ನಾ ಕೈ ತೊಳಕೊಂಡಿಲ್ಲ. ಬರ್ತೇನಿ ಅಂದಿದ್ದಿ. ಬಂದಿ. ಕೂಡು" ಅಂದಳು. ಎಣ್ಣೆ ಕಾಯಿಸಿ ನನ್ನ ಮುಂದೆ ಇಟ್ಟಳು. ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಮುಂದೆ ಆ ಮೊಮ್ಮಗಳನ್ನು ದಿನ ತುಂಬುವ ಮೊದಲೇ ನಾನೇ ಕಲಬುರ್ಗಿಗೆ ಕರೆದೊಯ್ದೆ, ದವಾಖಾನೆಯಲ್ಲಿ ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು. ಅದು ಬೇರೆ ಮಾತು. ನಾನು ಹೇಳುವುದು ಆ ಮುಂಜಾನೆಯ ಮಾತು.

ಎಣ್ಣೆ ಅಂಗೈಗೆ ಹಾಕಿಕೊಂಡೆ. ಸುಡಲಿಲ್ಲ, ತಣ್ಣಗೂ ಇರಲಿಲ್ಲ. ಹುಡುಗಿಯ ಹೊಟ್ಟೆಯ ಮೇಲೆ ಕೈ ಇಟ್ಟೆ. "ಒತ್ತಬ್ಯಾಡ. ಸುಮ್ಮ ಹುಡಕು. ಮ್ಯಾಲಿಂದ ಕೆಳಗ ಬಾ" ಅನ್ನುತ್ತಿದ್ದಳು ಆಯಿ ಹಿಂದಿನಿಂದ. ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಸಿಕ್ಕಿತು. ಜಾರಿತು, ಮತ್ತೆ ಬಂದು ಅಂಗೈಯೊಳಗೆ ಕೂತಿತು.

"ಏನ್ ಹತ್ತತದ?"

"ಗಟ್ಟಿ ಅದ ಆಯಿ. ದುಂಡಗದ."

"ಅದ ತಲಿ."

ತಲೆ ಗಟ್ಟಿಯಾಗಿ, ದುಂಡಗೆ ಕೈಗೆ ಸಿಗುತ್ತದೆ. ಈ ವಾಕ್ಯವನ್ನು ನಾನು ಲೋಕಕ್ಕೆಲ್ಲ ಬರೆದು ಹಾಕಿದ್ದೆ. ನನ್ನ ಕೈಗೆ ಅದು ಗೊತ್ತಾದದ್ದು ಆಗ. ಗೊತ್ತಾದ ಕೂಡಲೇ ಇನ್ನೊಂದೂ ಗೊತ್ತಾಯಿತು. ಇಂಥದೇ ಒಂದು ತಲೆ ನನ್ನ ಕುರ್ಚಿಯಿಂದ ನಾಲ್ಕು ಮಾರು ದೂರದಲ್ಲಿ, ಒಂದು ಚಾದರದ ಕೆಳಗೆ, ಒಂದು ತಾಸು ಕಾದಿತ್ತು. ನಾನು ತಾಯಿಯ ಮುಖದಿಂದ ಕಣ್ಣು ತೆಗೆಯಬಾರದು ಅಂತ ಬರೆಯುತ್ತ ಕೂತಿದ್ದೆ. ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೀರು ಹುಡುಗಿಯ ಹೊಟ್ಟೆಯ ಮೇಲಿನ ಎಣ್ಣೆಗೇ ಬೀಳತೊಡಗಿತು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಲು ಹೋದೆ.

"ಕೈ ತಗೀಬ್ಯಾಡ" ಅಂದಳು ಆಯಿ.

ನಾನು ಕೈ ತೆಗೆಯಲಿಲ್ಲ.